ಎರಡು ಸೆಕೆಂಡು

“ಜ್ವರ ಅಂತ ಹೇಳಿ ಸರ್. ನಾನು ಇವತ್ತು ಈಜುದಿಲ್ಲ,” ಎಂದಳು ನಿರೀಕ್ಷಾ.

ಈಜು ಕಲಿಸುವ ಪೂವಪ್ಪ ಮಾಸ್ಟ್ರು ಗಡಿಯಾರ ನೋಡಿದರು. ಹುಡುಗಿಯರ ನೂರು ಮೀಟರ್ ಫ್ರೀಸ್ಟೈಲಿಗೆ ಇನ್ನು ಹತ್ತು ನಿಮಿಷವೂ ಇರಲಿಲ್ಲ. ಜಿಲ್ಲೆಯ ಮಕ್ಕಳೆಲ್ಲ ಕೊಳದ ಸುತ್ತ ಕೈಕಾಲು ಸಡಿಲಿಸಿಕೊಳ್ಳುತ್ತಿದ್ದರೆ, ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಐದೂವರೆಗೆ ನೀರಿಗಿಳಿಸಿ ಅವರು ತಯಾರು ಮಾಡಿದ ಹುಡುಗಿ ಮಾತ್ರ ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಈಜುಡುಪಿನ ಮೇಲೆ ಜಾಕೆಟ್ ಹಾಕಿಕೊಂಡು ಜಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡಿದ್ದಳು. ಮಾಸ್ಟ್ರು ಹಣೆ ಮುಟ್ಟಿ ನೋಡಿದರು.

“ಎಂತ ಜ್ವರ ಮಾರಾಯ್ತಿ? ಹಣೆ ಐಸಿನ ಹಾಗೆ ಉಂಟು.”

“ಸ್ಟೇಟಿಗೆ ಸೆಲೆಕ್ಟ್ ಆಗ್ಲಿಕ್ಕೆ ಒಂದು ನಿಮಿಷ ಹತ್ತು ಸೆಕೆಂಡಿನ ಒಳಗೆ ಬರ್ಬೇಕು. ನಾನು ಒಮ್ಮೆ ಕೂಡ ಹನ್ನೊಂದರಿಂದ ಕೆಳಗೆ ಬರ್ಲಿಲ್ಲ. ಇವತ್ತು ಸೋತ್ರೆ ಈಜು ಬಂದ್, ಬರುವ ವರ್ಷ ಟೆಂತ್ ಅಂತ ಅಮ್ಮ ಹೇಳಿ ಆಗಿದೆ. ಜ್ವರ ಅಂದ್ರೆ ಇನ್ನೊಂದು ಚಾನ್ಸ್ ಕೊಡ್ಬಹುದು.” ಗ್ಯಾಲರಿಯಲ್ಲಿ ಮಗಳಿಗಾಗಿ ಕತ್ತು ಉದ್ದ ಮಾಡಿ ಹುಡುಕುತ್ತಿದ್ದ ತಾಯಿ ಶಶಿಪ್ರಭಾರ ಕಡೆಗೆ ಅವಳು ತಲೆಯೆತ್ತಿಯೂ ನೋಡಲಿಲ್ಲ.

ಆ ಹನ್ನೊಂದನ್ನು ಹುಟ್ಟಿಸಿದವರು ಪೂವಪ್ಪ ಮಾಸ್ಟ್ರೇ. ಹದಿನೆಂಟು ವರ್ಷಗಳಿಂದ, ಸ್ಟಾಪ್‌ವಾಚಿನಲ್ಲಿ ಬಂದ ಸಮಯಕ್ಕೆ ಎರಡು ಸೆಕೆಂಡು ಸೇರಿಸಿಯೇ ಅವರು ಮಕ್ಕಳಿಗೆ ಹೇಳುತ್ತಿದ್ದದ್ದು. ಸಾಕು ಎನ್ನಿಸಿಬಿಟ್ಟರೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ. ಸ್ಪರ್ಧೆಯ ದಿನ ಎಲ್ಲರೂ ಎರಡು ಸೆಕೆಂಡು ಬೇಗ ಗೋಡೆ ಮುಟ್ಟಿ ಕುಣಿದಾಡುವಾಗ, “ನೋಡಿದ್ರಾ, ಮೀಟಿನ ಹುರುಪು ಅಂದ್ರೆ ಇದು” ಎಂದು ಮೀಸೆಯಡಿಯಲ್ಲಿ ನಗುವ ಸುಖವನ್ನೂ ಅವರು ಬಿಟ್ಟುಕೊಟ್ಟವರಲ್ಲ. ಒಂದು ನರಪಿಳ್ಳೆಗೂ ಗುಟ್ಟು ಗೊತ್ತಿರಲಿಲ್ಲ. ಆದರೆ ಮೊದಲ ದೊಡ್ಡ ಮೀಟಿಗೆ ಬಂದ ಹುಡುಗಿಯೊಬ್ಬಳು ಅವರ ಮಾತನ್ನೇ ನಂಬಿ, ಕೂಡಿ ಕಳೆದು ನೋಡಿ, ನೀರಿಗೇ ಇಳಿಯುವುದಿಲ್ಲ ಎಂದು ಕೂರಬಹುದೆಂದು ಅವರ ತಲೆಗೆ ಹೊಳೆದಿರಲೇ ಇಲ್ಲ.

“ನಾಲ್ಕನೇ ಲೇನ್, ನಿರೀಕ್ಷಾ! ಫಸ್ಟ್ ಕಾಲ್!” ಮೈಕು ಕೂಗಿತು.

ಮಾಸ್ಟ್ರು ಅವಳ ಎದುರು ಕುಕ್ಕರುಗಾಲಲ್ಲಿ ಕೂತರು. “ನೋಡು, ನೀನು ಮೊನ್ನೆ ಶನಿವಾರ ಈಜಿದ್ದು ಒಂದು ನಿಮಿಷ ಒಂಬತ್ತು. ಹನ್ನೊಂದು ಅಲ್ಲ. ನಾನೇ ಎರಡು ಸೇರಿಸಿ ಹೇಳಿದ್ದು.”

“ಸುಮ್ಮನೆ ಧೈರ್ಯಕ್ಕೆ ಹೇಳ್ಬೇಡಿ ಸರ್.”

“ದೇವರಾಣೆ! ಎಲ್ಲರಿಗೂ ಹಾಗೇ ಹೇಳುದು ನಾನು. ಮಕ್ಕಳು ಉದಾಸೀನ ಮಾಡ್ಬಾರ್ದು ಅಂತ.”

ನಿರೀಕ್ಷಾ ಕಣ್ಣು ಮಿಟುಕಿಸದೆ ನೋಡಿದಳು. “ಶನಿವಾರ ನಾನು ನೀರಿನಿಂದ ಎದ್ದು ನಳ್ಳಿಯ ಹತ್ತಿರ ವಾಂತಿ ಮಾಡಿದ್ದೆ. ನೀವು ನೋಡಿದ್ದೀರಿ. ಹನ್ನೊಂದು ಅಂದ್ರಿ. ಎಂತ ಮಾಡ್ಲಿಕ್ಕೆ ಈಜುದು ನೀನು ಅಂತ ಕೇಳಿದ್ರಿ. ಮನೆಗೆ ಹೋಗುವ ಬಸ್ಸು ಕುಲಶೇಖರಕ್ಕೆ ಮುಟ್ಟುವವರೆಗೆ ನಾನು ಅಳ್ತಾ ಇದ್ದೆ.” ಆಮೇಲೆ ಕೇಳಿದಳು. “ಆಗ ಹೇಳಿದ್ದು ಸುಳ್ಳಾ ಸರ್, ಈಗ ಹೇಳುದು ಸುಳ್ಳಾ?”

“ಆಗಿನದ್ದು.”

“ಅದನ್ನು ನಾನು ಹೇಗೆ ನಂಬುದು?”

ಹದಿನಾಲ್ಕು ವರ್ಷದ ಹುಡುಗಿಯ ಮುಂದೆ ಮಾಸ್ಟ್ರಿಗೆ ಇಷ್ಟು ನಾಚಿಕೆಯಾದದ್ದು ಇದೇ ಮೊದಲು. ಮೈಕು ಎರಡನೇ ಸಲ ಕೂಗಿತು. ಮೂರನೇ ಕೂಗಿಗೂ ಹೋಗದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

“ನನ್ನನ್ನು ನಂಬುದು ಬೇಡ,” ಎಂದರು ಕೊನೆಗೆ. “ಒಮ್ಮೆ ಈಜಿ ನೋಡು. ಆಗ್ಲಿಲ್ಲ ಅಂದ್ರೆ ತಪ್ಪು ನನ್ನದು ಅಂತ ಅಮ್ಮನ ಎದುರು ನಾನೇ ಹೋಗಿ ನಿಲ್ತೇನೆ.”

ಅವಳು ಜಿಪ್ಪು ಇಳಿಸಿದಳು. ಅವರು ಕೈ ಚಾಚಿದ್ದರೂ ಜಾಕೆಟನ್ನು ಬೆಂಚಿನ ಮೇಲೆಯೇ ಎಸೆದು ಹೊರಟಳು.

ಸೀಟಿ ಮೊಳಗಿತು. ಮೊದಲ ಐವತ್ತು ಮೀಟರ್ ಮುಗಿಸಿ ಆಚೆ ಗೋಡೆಯಲ್ಲಿ ತಿರುಗುವಾಗ ನಿರೀಕ್ಷಾ ಮೂರನೆಯವಳು. ಮಾಸ್ಟ್ರು ಕೊಳದ ಅಂಚಿನಲ್ಲಿ ಅವಳ ಜೊತೆಜೊತೆಗೇ ನಡೆದರು. ಎಂದಿನಂತೆ ಬೊಬ್ಬೆ ಹಾಕಲು ಬಾಯಿ ತೆರೆದವರು ಯಾಕೋ ಮುಚ್ಚಿಕೊಂಡರು. ಮುಕ್ಕಾಲು ದೂರದಲ್ಲಿ ಅವಳು ಎರಡನೆಯವಳಾದಳು. ಕೊನೆಯ ಹತ್ತು ಮೀಟರಿನಲ್ಲಿ ತಲೆ ಎತ್ತದೆ, ಉಸಿರನ್ನೂ ಎಳೆದುಕೊಳ್ಳದೆ ನುಗ್ಗಿ ಗೋಡೆ ಮುಟ್ಟಿದಳು. ಮಾಸ್ಟ್ರ ಹೆಬ್ಬೆರಳು ವಾಚನ್ನು ಒತ್ತಿತು.

“ಒಂದು ಎಂಟು! ನಿರೀಕ್ಷಾ, ಒಂದು ಎಂಟು!” ಎಂದು ಕಿರುಚುತ್ತ ಅವರು ಓಡಿದರು. ಒದ್ದೆ ನೆಲದಲ್ಲಿ ಜಾರಿ ಬೀಳುವುದೊಂದು ಬಾಕಿ.

ಹುಡುಗಿ ಈಜುಕನ್ನಡಕವನ್ನು ಹಣೆಗೇರಿಸಿ ಅವರನ್ನೊಮ್ಮೆ ನೋಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ನಾಲ್ಕನೇ ಲೇನಿನ ತಲೆಯಲ್ಲಿ ಸಮಯ ಹಿಡಿಯಲು ಕೂತಿದ್ದವರು ಬೇರೆ ಯಾವುದೋ ಶಾಲೆಯ ಡೈಸಿ ಟೀಚರ್. ಅವಳಿಗೆ ಗುರುತು ಪರಿಚಯವಿಲ್ಲದವರು. ನಿರೀಕ್ಷಾ ನೀರಿನಲ್ಲಿ ನಿಂತಂತೆಯೇ ಕತ್ತೆತ್ತಿ ಏದುಸಿರಿನಲ್ಲಿ ಅವರನ್ನು ಕೇಳಿದಳು.

“ಟೀಚರ್, ನನ್ನದು ಎಷ್ಟಾಯ್ತು?”

“ಒಂದು ಎಂಟು,” ಎಂದರು ಡೈಸಿ ಟೀಚರ್, ಹಾಳೆಯಿಂದ ತಲೆಯೆತ್ತದೆ.

ಆಗ ನಿರೀಕ್ಷಾ ನಕ್ಕಳು.