ತಾಟು ತೊಳೆದ ನೀರು

“ಮಾವಾರ, ನೀರಿನ ಟ್ಯಾಂಕರ್ ಬರಂಗಿಲ್ಲಂತ. ಡ್ರೈವರ್ ತೆಲುಗಿನಾಗ ‘ರೇಪು, ರೇಪು’, ನಾಳೆ ನಾಳೆ ಅಂದು ಫೋನ್ ಇಟ್ಟುಬಿಟ್ಟ. ಅಂವ ನಾಳೆ ಬಂದ್ರ ಇವತ್ತು ತಾಟು ಯಾತರಾಗ ತೊಳೀಲಿ?” ಸೊಸೆ ದಾನೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ತೆಲುಗು ಸೀಮೆಯ ಕೋಠಿ ಪೇಟೆಯ ಆ ಖಾನಾವಳಿಯ ಯಜಮಾನ ಸಿದ್ದರಾಮಪ್ಪನವರು ಗೋಡೆಯತ್ತ ನೋಡಿದರು. ಹಾರ ಹಾಕಿದ ಫೋಟೋದೊಳಗಿಂದ ಹೆಂಡತಿ ಶಿವದೇವಿ ನಗುತ್ತಿದ್ದಳು. ಅವಳು ಶಿವನ ಪಾದ ಸೇರಿ ಇಂದಿಗೆ ವರ್ಷ. ಬಂದವರಿಗೆಲ್ಲ ಪುಕ್ಕಟೆ ಊಟವೆಂದು ಸಾರಿದ್ದರು. ರಾಯಚೂರು, ಯಾದಗಿರಿ ಕಡೆಯ ಗೌಂಡಿ ಕೆಲಸದವರು ಆಗಲೇ ಬೀದಿಯ ತುಂಬ ನಿಂತಿದ್ದರು. ಪೀಪಾಯಿಯಲ್ಲಿದ್ದದ್ದು ಕುಡಿಯುವ ನೀರಷ್ಟೇ. ತಾಟುಗಳು ಒಂದು ಪಂಕ್ತಿಗೆ ಸಾಕು. ಕಾಗದದ ತಾಟು ತರಿಸೋಣವೆಂದರೆ ಭಾನುವಾರ, ಬೇಗಂ ಬಜಾರಿನ ಅಂಗಡಿಗಳೆಲ್ಲ ಮುಚ್ಚಿದ್ದವು.

“ಮೊದಲ ಪಂಕ್ತಿಗೆ ಬಡಿಸವ್ವ. ಮುಂದಿಂದು ಶಿವ ನೋಡ್ಕೋತಾನ,” ಎಂದರು. ಅವಳ ದಿನವೇ ಉಳಿದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬೇಕಾದೀತೆಂದು ಜೀವ ಹಿಂಡುತ್ತಿತ್ತು.

ಪಂಕ್ತಿಯ ಕೊನೆಯಲ್ಲಿ ಸುಗಲಮ್ಮ ಕೂತಿದ್ದಳು, ಇಟ್ಟಿಗೆ ಹೊತ್ತು ನೆತ್ತಿ ಸವೆದ ಮುದುಕಿ. ಊಟ ಮುಗಿಸಿ, ಲೋಟದಲ್ಲಿ ಉಳಿದ ನೀರನ್ನು ತಾಟಿಗೆ ಸುರಿದುಕೊಂಡಳು. ಬೆರಳಾಡಿಸಿ ಅಂಚಿನವರೆಗೂ ತೊಳೆದಳು. ಎರಡೂ ಕೈಯಲ್ಲಿ ತಾಟೆತ್ತಿ ಆ ನೀರನ್ನು ಕುಡಿದುಬಿಟ್ಟಳು. ಪಕ್ಕದ ಬೂದೆಪ್ಪನೂ ಹಾಗೇ ಮಾಡಿದ. ಅವನ ಆಚೆಯವನೂ. ಪಂಕ್ತಿಯುದ್ದಕ್ಕೂ ತಾಟುಗಳು ಒಂದೊಂದಾಗಿ ಮುಖಕ್ಕೇರಿ ಇಳಿದವು. ಒಂದರಲ್ಲೂ ಅಗುಳಿರಲಿಲ್ಲ.

“ಮಾವಾರ, ಒಂದು ಕೊಡ ನೀರು ಕುದಿಸಿ ಅದರಾಗ ಅದ್ದಿ ತೆಗೆದ್ರ ಆತು! ಕುಡಿಯಾಕೂ ಉಳೀತದ!” ದಾನೇಶ್ವರಿ ಒಳಗೋಡಿದಳು.

ಸಿದ್ದರಾಮಪ್ಪನವರು ಸುಗಲಮ್ಮನ ಮುಂದೆ ಬಂದರು. ಗುಡಿಯೊಳಗೆ ನಿಂತಂತೆ ಕೈಗಳು ತಾವಾಗಿ ಮುಗಿದವು. “ಯವ್ವಾ, ಹಿಂಗ ಮಾಡ್ರಿ ಅಂತ ಯಾರು ಹೇಳಿದ್ರು?”

“ಅಯ್ಯ ಸಾವ್ಕಾರ್ರ, ನೀವು ಗಲ್ಲಾದಾಗಿಂದ ತಲಿ ಎತ್ತಿದ್ರಲ್ಲೇನು ಗೊತ್ತಾಗೂದು! ಶಿವದೇವಿ ಅಕ್ಕಾರು ದಿನಾ ನಮ್ಮ ಮುಂದ ನಿಂದರ್ತಿದ್ರು. ತಾಟು ತೊಳದು ಕುಡೀದೆ ಎದ್ರ, ‘ಯಾಕವ್ವಾ, ಪ್ರಸಾದ ಮೋರಿಗೆ ಉಣಸ್ತಿಯೇನ?’ ಅಂತ ಬೈತಿದ್ರು. ವರ್ಷಾತು, ಬೈಯೋರಿಲ್ದ ಮರತಿದ್ವಿ.”

“ಇವತ್ತು ಎದುರಿಗೇ ಕುಂತಾರಲ್ರಿ,” ಬೂದೆಪ್ಪ ಫೋಟೋ ತೋರಿಸಿದ. “ಮರಿಯಾಕ ಧೈರ್ಯ ಬೇಕು!”

ಪಂಕ್ತಿಯ ಮೇಲೆ ಪಂಕ್ತಿ ಉಂಡು ಎದ್ದಿತು. ಯಾರೂ ಹಸಿದು ಹೋಗಲಿಲ್ಲ. ಬಿಸಿಲಿಳಿದ ಮೇಲೆ ಸಿದ್ದರಾಮಪ್ಪನವರು ಫೋಟೋದ ಮುಂದಿನ ಎಡೆಯನ್ನು ಹತ್ತಿರಕ್ಕೆಳೆದುಕೊಂಡು ಉಂಡರು. ಶಿವದೇವಿ ತವರಿನಿಂದ ತಂದ ತಾಟು ಅದು. ನೀರು ಸುರಿದು, ಬೆರಳಾಡಿಸಿ, ಎತ್ತಿ ಕುಡಿದರು. ಬರಿದಾದ ತಾಟಿನ ತಳದಲ್ಲಿ, ಪಾತ್ರೆಯಂಗಡಿಯವನು ಎಂದೋ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಅವಳ ಹೆಸರು ಹೊಳೆಯುತ್ತಿತ್ತು.