ಶಂಕರೆಪ್ಪ ಬೈದ ಸಿನಿಮಾ

ಟಿವಿಯ ಮೂಲೆಯಲ್ಲಿ ಗೀಟು ಎಳೆದ ಸ್ಪೀಕರಿನ ಚಿತ್ರವೊಂದು ಬಹಳ ಹೊತ್ತಿನಿಂದ ನಿಂತಿತ್ತು. ಶಂಕರೆಪ್ಪ ಅದನ್ನು ಚಾನೆಲ್ಲಿನ ಗುರುತು ಎಂದುಕೊಂಡಿದ್ದ. ಶೇಂಗಾ ಸುಲಿಯುತ್ತ, ಪರದೆಯ ಮೇಲೆ ಯಾರಾದರೂ ನಕ್ಕಾಗ ತಾನೂ ನಗುತ್ತ ಸಿನಿಮಾ ನೋಡುತ್ತಿದ್ದ. ಅಡುಗೆಮನೆಯಿಂದ ಬಂದ ಸೊಸೆ ಶೈಲಾ ಒಮ್ಮೆ ಟಿವಿಯನ್ನು, ಒಮ್ಮೆ ಅವನನ್ನು ನೋಡಿ ರಿಮೋಟು ಒತ್ತಿದಳು. ಸ್ಪೀಕರಿನ ಚಿತ್ರ ಮಾಯವಾಯಿತು. ಫೋನು ಬಂದು ಹೊರಗೆ ಹೋಗುವಾಗ ಮಗ ಗುರುಸಿದ್ದ ಅದೇ ರಿಮೋಟು ಒತ್ತಿದ್ದು ಶಂಕರೆಪ್ಪನಿಗೆ ಆಗ ನೆನಪಾಯಿತು. ಇಷ್ಟು ಹೊತ್ತು ಟಿವಿಗೆ ದನಿಯೇ ಇರಲಿಲ್ಲ!

"ಎಷ್ಟ ದಿನಾತ್ರಿ ಮಾವಾರ?" ಶೈಲಾ ಎದುರಿಗೆ ಕುಳಿತು ಕೇಳಿದಳು.

ಅವಳ ತುಟಿ ನೋಡಿ ಪ್ರಶ್ನೆ ತಿಳಿದುಕೊಂಡ. "ಎರಡ ವರ್ಷಾತು. ಗುರುಸಿದ್ದಗ ಹೇಳಬ್ಯಾಡ ಯವ್ವಾ."

ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ಸವೆದ ಕಿವಿಗಳು. ಕಿವಿ ಹೋದದ್ದಕ್ಕೆ ಅವನಿಗೆ ಅಷ್ಟು ದುಃಖವಿರಲಿಲ್ಲ. ರವಿವಾರ ಮೂವರೂ ಕೂಡಿ ಸಿನಿಮಾ ನೋಡಿ, ಚಹಾ ಕುಡಿಯುತ್ತ ಅದರ ಮಾತಾಡುವುದು ಮನೆಯ ರೂಢಿ. ಹಿರಿಯನೆಂದು ಮೊದಲು ಅವನನ್ನೇ ಕೇಳುತ್ತಿದ್ದರು. "ಛಲೋ ಐತಿ," ಅನ್ನುತ್ತಿದ್ದ. ಎಲ್ಲ ಸಿನಿಮಾಕ್ಕೂ ಅದೇ ಉತ್ತರ. ಕಿವಿಯ ಸಂಗತಿ ಗೊತ್ತಾದರೆ ಕೇಳುವುದನ್ನೇ ಬಿಟ್ಟಾರು ಎಂಬುದು ಅವನ ಅಂಜಿಕೆ.

ಗುರುಸಿದ್ದ ಒಳಗೆ ಬಂದು ಕುಳಿತ. ಸೊಸೆ ಈಗ ಬಾಯಿ ತೆರೆಯುತ್ತಾಳೆಂದು ಶಂಕರೆಪ್ಪ ಕಾದ. ಅವಳು ಮೆಂತೆಸೊಪ್ಪಿನ ಬುಟ್ಟಿ ಎಳೆದುಕೊಂಡು, ಟಿವಿಯ ಪಕ್ಕದಲ್ಲಿ ಅವನಿಗೆ ಮುಖ ಮಾಡಿ ಕುಳಿತಳು. ಪರದೆಯ ಮೇಲೆ ಅಣ್ಣ ತಮ್ಮ ಜಗಳವಾಡುತ್ತಿದ್ದರು. ಶೈಲಾ ಎರಡು ಬೆರಳು ಜೋಡಿಸಿ, ಚಟ್ಟನೆ ಅಗಲಿಸಿದಳು.

ಎಳೆ ಹರಿಯಿತು!

ಶಂಕರೆಪ್ಪ ನೆಟ್ಟಗೆ ಕುಳಿತ. ಮಗ್ಗಗಳ ಗದ್ದಲದಲ್ಲಿ ಬಾಯಿಮಾತು ಕೇಳಿಸದೆ ನೇಕಾರರು ಆಡುವ ಕೈಮಾತು ಅದು. ರಬಕವಿಯಲ್ಲಿ ಅಪ್ಪನ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಬೆಳೆದ ಹುಡುಗಿ ಅದನ್ನು ಮರೆತಿರಲಿಲ್ಲ. ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋದ ಗುರುಸಿದ್ದನಿಗೆ ಅದು ಬಾರದು.

"ನೊಣಾ ಹೊಡ್ಯಾಕತ್ತಿ ಏನ?" ಎಂದ ಅವನು ಹೆಂಡತಿಗೆ.

"ಹೂಂ, ದೊಡ್ಡ ನೊಣಾ ಒಂದು ನನ್ನ ಎದುರಿಗೇ ಕುಂತೈತಿ."

ಕೊನೆಗೆ ಅವಳು ಹೆಬ್ಬೆರಳು, ತೋರುಬೆರಳು ಕೂಡಿಸಿ ಹೊಸೆದಳು. ಗಂಟು ಬಿತ್ತು, ತಲೆ ನರೆತ ಅಣ್ಣ ತಮ್ಮ ಹಾಡುತ್ತ ಒಂದಾದರು. ಮಾವ ಸೊಸೆಗೆ ಕೈ ಮುಗಿಯುವ ಪದ್ಧತಿಯಿಲ್ಲ. ಶಂಕರೆಪ್ಪ ಸುಲಿದಿಟ್ಟ ಶೇಂಗಾದ ಬಟ್ಟಲನ್ನು ಪೂರ್ತಿ ಅವಳ ಮುಂದೆ ಸರಿಸಿದ.

ಚಹಾ ಬಂತು. "ಛಲೋ ಐತಿಲ್ಲಪಾ?" ಗುರುಸಿದ್ದ ನಗುತ್ತ ಕೇಳಿದ.

"ಏನ್ ಛಲೋನೋ? ಇಪ್ಪತ್ತ ವರ್ಷದ ಹಿಂದ ಹರದ ಎಳಿ ಒಂದ ಹಾಡಿನ್ಯಾಗ ಕೂಡತೈತೇನು? ಅಂಥಾ ಗಂಟು ಲಾಳಿ ಒಮ್ಮಿ ಓಡಿದ್ರ ಬಿಚ್ಚತೈತಿ. ಮ್ಯಾಲ ಹೂವು ಮಾರಾಕಿಗೆ ದಿನಾ ಒಂದು ರೇಷ್ಮಿ ಸೀರಿ! ಸುಳ್ಳ ಸಿನಿಮಾ."

ಗುರುಸಿದ್ದ ಚಹಾದ ಬಸಿ ಕೆಳಗಿಟ್ಟು ಅಪ್ಪನನ್ನೇ ನೋಡಿದ. ಆಮೇಲೆ ಟಿವಿ ಆರಿಸಲು ಎದ್ದು, ಬೆನ್ನು ಮಾಡಿ ನಿಂತೇ ಕೇಳಿದ: "ಹಂಗಾರ ಬರೂ ರವಿವಾರ ಸಿನಿಮಾ ಬ್ಯಾಡಲ್ಲ?"

ಮಗನ ತುಟಿ ಕಾಣದೆ ಶಂಕರೆಪ್ಪ ಸೊಸೆಯತ್ತ ತಿರುಗಿದ. ಅವಳು ಅಂಗೈ ಅಡ್ಡ ಹಿಡಿದಳು: ಮಗ್ಗ ನಿಲ್ಲಿಸಬೇಕೆ?

"ನಿಲ್ಲಸಬ್ಯಾಡ್ರೋ!" ಶಂಕರೆಪ್ಪ ಕೂಗಿದ. "ನನಗ ಈಗ ಬಾಯಿ ಬಂದೈತಿ."