ಓಟದ ದಿನದ ಕಂಬಳಿ

ನಾಳೆ ಮೊಮ್ಮಗಳಿಗೆ ಬಯಲಿನಲ್ಲಿ ಓಟದ ಪಂದ್ಯ. ಅವಳಿಗೆಂದು ಹೊಸ ಕಂಬಳಿ ಬಿಡಿಸಿದರೆ ನೇಕಾರರು ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಹೊಡೆಯಿತು.

ನನ್ನ ಶಾಲೆಯ ದಿನಗಳಲ್ಲಿ ಒಮ್ಮೆ ಅದೇ ವಾಸನೆಯ ಕಂಬಳಿ ಹೊತ್ತು ನಮ್ಮಜ್ಜಿ ನನ್ನ ಜೊತೆ ಶ್ರೀರಾಂಪುರದಲ್ಲಿ ಹೊಸದುರ್ಗದ ಬಸ್ಸು ಹತ್ತಿದ್ದಳು. ತಾಲ್ಲೂಕಿನ ಓಟಕ್ಕೆ ನಮ್ಮ ಶಾಲೆಯಿಂದ ನಾನೊಬ್ಬಳೇ. ಚಳಿಗಾಲದ ಬೆಳಗ್ಗೆ, ಮೈದಾನದ ತುಂಬ ಜನ. ಓಟ ಶುರು ಮಾಡಿಸಬೇಕಾದ ಸಾಹೇಬರು ಮಾತ್ರ ಬಂದಿರಲಿಲ್ಲ. ಪೇಟೆ ಹುಡುಗಿಯರು ಬಣ್ಣದ ಸ್ವೆಟರು ಹಾಕಿದ್ದರು. ನಾನು ತೆಳ್ಳನೆ ಲಂಗದಲ್ಲಿ ನಡುಗುತ್ತಿದ್ದರೂ ಕಂಬಳಿ ಮುಟ್ಟಲಿಲ್ಲ. ಕುರಿ ಕಾಯುವವಳೆಂದು ನಕ್ಕಾರೆಂಬ ಭಯ. ಕಾಲು ಮರಗಟ್ಟಿದವು. ಇನ್ನು ಓಡುವುದು ಹೇಗೆಂದು ಅಳು ಬಂತು.

"ಕಾಲು ಸೆಟ್ಕಂಡ್ರೆ ತೆವಳ್ತೀಯೇನೆ? ನಾಚ್ಕೆ ಆಮ್ಯಾಕೆ ಪಡುವಂತೆ, ಈಗ ಹೊದ್ಕ" ಎಂದು ಅಜ್ಜಿ ಕಂಬಳಿಯ ಮೂಲೆ ಮಡಿಸಿ ಕೊಪ್ಪೆ ಮಾಡಿ ನನ್ನ ತಲೆಯ ಮೇಲೆ ಕವುಚಿದಳು. ಒರಟು ಉಣ್ಣೆ ಕುತ್ತಿಗೆಗೆ ಚುಚ್ಚಿತು. ಸ್ವಲ್ಪ ಹೊತ್ತಿಗೆ ಕಾಲಿಗೆ ಜೀವ ಬಂತು.

ಪಕ್ಕದ ಸ್ವೆಟರಿನ ಹುಡುಗಿ ಹತ್ತಿರ ಸರಿದಳು. "ಅಜ್ಜಿ, ನಾನೂ ಬರ್ಲಾ?"

"ಬಾರವ್ವ. ಹಟ್ಟಿ ಕುರಿ ಹಂಗೆ ಒತ್ಕಂಡು ಕುಂತ್ಕಳ್ರಿ."

ಅಜ್ಜಿ ಕೊಪ್ಪೆ ಬಿಚ್ಚಿ ಕಂಬಳಿ ಅಗಲ ಮಾಡಿದಳು. ಆ ಹುಡುಗಿಯ ಹಿಂದೆಯೇ ಅವಳ ಗೆಳತಿಯರೂ ಒಳಗೆ ನುಗ್ಗಿದರು. ಅಷ್ಟರಲ್ಲಿ ಸಾಹೇಬರು ಬಂದರು, ಮೊದಲ ಓಟಕ್ಕೆ ನನ್ನ ಹೆಸರು ಕೂಗಿದರು. ಎದ್ದವಳೇ ಓಡಿದೆ.

ಎಲ್ಲರಿಗಿಂತ ಮುಂದೆ ಬಂದೆ. ಏದುಸಿರು ಬಿಡುತ್ತ ಅಜ್ಜಿಯ ಹತ್ತಿರ ಹೋದರೆ ಕಂಬಳಿಯೊಳಗೆ ನನಗೇ ಜಾಗವಿಲ್ಲ.

"ಅಜ್ಜೀ, ನಂಗೆ?"

"ಗೆದ್ದೋಳಿಗೆ ಯಾತರ ಚಳಿಯೇ? ಅತ್ಲಾಗೆ ನಿಂತ್ಕ. ಇವ್ರು ಇನ್ನೂ ಓಡ್ಬೇಕು" ಎಂದು ಅಜ್ಜಿ ಸೆರಗಿನ ಗಂಟಿನಿಂದ ಬೆಲ್ಲ ತೆಗೆದು ನನ್ನ ಬಾಯಿಗೆ ತುರುಕಿದಳು.